ಈ ಸಲದ ಶಾಲು ನಿಮಗೇ ಇರಲಿ

ಹೆಣಿಗೆ ಬಲ್ಲ ಗೆಳತಿಯರೇ, ಕೈಬೆರಳು ಮಡಿಸಿ ಒಂದು ಲೆಕ್ಕ ಹಾಕಿ ನೋಡಿ. ಇದುವರೆಗೆ ಎಷ್ಟು ಜನರಿಗೆ ಉಲ್ಲನ್ನಿನಲ್ಲಿ ಏನೇನು ಹೆಣೆದುಕೊಟ್ಟಿದ್ದೀರಿ? ಅಕ್ಕನ ಮಗುವಿಗೆ ಕುಲಾವಿ, ಕಾಲುಚೀಲ. ಮಗನಿಗೆ ಶಾಲೆಯ ಬಣ್ಣದ ಸ್ವೆಟರ್. ಮಾವನವರಿಗೆ ಮಫ್ಲರ್. ಯಜಮಾನರಿಗೆ ತೋಳಿಲ್ಲದ ಸ್ವೆಟರ್. ನಾದಿನಿಯ ಸೀಮಂತಕ್ಕೆ ಪುಟ್ಟ ಹೊದಿಕೆ. ಹತ್ತು ಬೆರಳೂ ಸಾಲದೆ ಹೋದೀತು. ಈಗ ಇನ್ನೊಂದು ಪ್ರಶ್ನೆ. ನಿಮ್ಮ ಕೈಯಾರೆ ನಿಮಗೇ ಅಂತ ಹೆಣೆದುಕೊಂಡದ್ದು ಎಷ್ಟು?

ಬಹಳ ಮಂದಿಗೆ ಒಂದು ಬೆರಳೂ ಮಡಿಸಲಾಗದು. ಮನೆಮಂದಿಗೆಲ್ಲ ಬೆಚ್ಚಗೆ ಉಡಿಸಿದ ಮೇಲೆ ಉಳಿದ ಚೂರುಪಾರು ಉಲ್ಲನ್ನು ಪ್ಲಾಸ್ಟಿಕ್ ಕವರಿಗೆ ಸೇರಿ, ಕವರು ಅಟ್ಟ ಸೇರುತ್ತದೆ. ನಾವು ಡಿಸೆಂಬರಿನ ಚಳಿಗೆ ಸೆರಗನ್ನೇ ಎಳೆದು ಹೊದ್ದುಕೊಂಡು ಹಾಲು ತರಲು ಹೋಗುತ್ತೇವೆ!

ಈ ವರ್ಷ ಈ ಪದ್ಧತಿ ಸ್ವಲ್ಪ ಬದಲಾಗಲಿ. ನಿಮಗಾಗಿಯೇ ಒಂದು ಲೇಸ್ ಶಾಲು ಹೆಣೆದುಕೊಳ್ಳಿ. 'ಅಯ್ಯೋ, ಲೇಸಾ? ಅದು ನಮ್ಮಿಂದಾಗುತ್ತಾ?' ಎಂದು ಗಾಬರಿಯಾಗಬೇಡಿ. ನಿಮಗೆ ಸೀದಾ, ಉಲ್ಟಾ ಎರಡು ಹೆಣಿಗೆ ಬರುತ್ತದೆ ತಾನೇ? ಅಷ್ಟಿದ್ದರೆ ಸಾಕು. ಉಳಿದದ್ದು ಎಣಿಕೆ ಮತ್ತು ತಾಳ್ಮೆ. ಎರಡೂ ನಮ್ಮ ಹತ್ತಿರ ಬೇಕಾದಷ್ಟಿದೆ.

ಹೆಣೆದವರು ಯಾರು, ಹೊದ್ದವರು ಯಾರು?

ಸ್ಕಾಟ್ಲೆಂಡಿನ ಉತ್ತರಕ್ಕೆ ಶೆಟ್ಲೆಂಡ್ ಎಂಬ ದ್ವೀಪಗಳಿವೆ. ಅಲ್ಲಿನ ಕುರಿಗಳ ಉಣ್ಣೆ ಬಲು ನಯ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಹೆಂಗಸರು ಈ ಉಣ್ಣೆಯನ್ನು ಕೂದಲಿನಷ್ಟು ಸಣ್ಣಗೆ ನೂತು ಲೇಸ್ ಶಾಲು ಹೆಣೆಯುತ್ತಿದ್ದರು. ಇಡೀ ಶಾಲನ್ನು ಮದುವೆಯ ಉಂಗುರದೊಳಗೆ ತೂರಿಸಿ ಎಳೆಯಬಹುದಿತ್ತು. ಹಾಗಾಗಿ ಅದಕ್ಕೆ 'ಉಂಗುರದ ಶಾಲು' ಎಂದೇ ಹೆಸರು. ರಷ್ಯಾದ ಒರೆನ್‌ಬರ್ಗ್‌ನಲ್ಲಿ ಮೇಕೆಯ ಮೃದು ರೋಮದಿಂದ, ಎಸ್ಟೋನಿಯಾದ ಹಾಪ್ಸಾಲು ಊರಿನಲ್ಲಿ ಕುರಿ ಉಣ್ಣೆಯಿಂದ ಹೆಣೆಯುವ ಶಾಲುಗಳಿಗೂ ಇಂಥದ್ದೇ ಖ್ಯಾತಿ.

ಕೇಳಲು ಚೆನ್ನಾಗಿದೆ. ಆದರೆ ಶೆಟ್ಲೆಂಡಿನ ಆ ಹೆಂಗಸರಿಗೆ ಸಿಕ್ಕಿದ್ದೇನು? ಅವರ ಶಾಲು ಕೊಳ್ಳುತ್ತಿದ್ದ ವ್ಯಾಪಾರಿಗಳು ಹೆಚ್ಚಿನಂಶ ಕೈಗೆ ದುಡ್ಡು ಕೊಡುತ್ತಿರಲಿಲ್ಲ. ಬದಲಿಗೆ ತಮ್ಮದೇ ಅಂಗಡಿಯ ಚಹಾಪುಡಿ, ಬಟ್ಟೆ ಕೊಟ್ಟು ಕಳಿಸುತ್ತಿದ್ದರು. 1872ರಲ್ಲಿ ಬ್ರಿಟಿಷ್ ಸರ್ಕಾರ ಈ ಬಗ್ಗೆ ವಿಚಾರಣೆಯನ್ನೇ ನಡೆಸಿತು. ಹೆಣೆಯುವ ಹೆಂಗಸರು ಬಂದು ಸಾಕ್ಷಿ ಹೇಳಿದರು. ಅವರ ಕೈಯ ನಯವಾದ ಶಾಲುಗಳು ಮಾತ್ರ ದೂರದ ಶ್ರೀಮಂತರ ಹೆಗಲೇರುತ್ತಿದ್ದವು.

ಅಷ್ಟು ದೂರವೇಕೆ? ನಮ್ಮ ಪಕ್ಕದ ಆಂಧ್ರದ ನರಸಾಪುರ ಕ್ರೋಶಾ ಲೇಸಿಗೆ ಹೆಸರುವಾಸಿ. ಅದು ಎರಡು ಕಡ್ಡಿಯ ಹೆಣಿಗೆಯಲ್ಲ, ಒಂದೇ ಕೊಕ್ಕೆಯ ಕೆಲಸ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿನ ಹೆಂಗಸರ ಬಗ್ಗೆ 1982ರಲ್ಲಿ ಒಂದು ಪುಸ್ತಕ ಬರೆದರು. ಹೊರದೇಶಕ್ಕೆ ಹೋಗುವ ಲೇಸನ್ನು ದಿನವಿಡೀ ಮನೆಯಲ್ಲಿ ಕೂತು ಹೆಣೆದರೂ, ಅವರು 'ಸುಮ್ಮನೆ ಮನೆಯಲ್ಲಿರುವವರು', ಅವರದು 'ಬಿಡುವಿನ ಕೆಲಸ' ಎಂದೇ ಎಣಿಕೆಯಾಗುತ್ತಿತ್ತು ಎಂಬುದು ಆ ಪುಸ್ತಕದ ಸಾರ. ಬಿಡುವಿನ ಕೆಲಸ ಅಂದಮೇಲೆ ಕೂಲಿಯೂ ಅಷ್ಟಕ್ಕಷ್ಟೇ.

ಈ ಮಾತು ನಮಗೂ ಅನ್ವಯಿಸುತ್ತದೆ ಅಲ್ಲವೇ? ಹೆಣೆಯುವುದು ನಮ್ಮ ಕೈ, ನಮ್ಮ ಕಣ್ಣು, ನಮ್ಮ ಹೊತ್ತು. ಅದರಲ್ಲಿ ಒಂದೇ ಒಂದು ಸಲ ನಮ್ಮ ಹೆಗಲಿಗೂ ಪಾಲು ಬರಲಿ ಎನ್ನುವುದು ದುರಾಸೆಯೇನಲ್ಲ.

ತೂತು ಶಾಲು ಚಳಿ ತಡೆಯುತ್ತಾ?

ಲೇಸ್ ನೋಡಿದವರೆಲ್ಲ ಕೇಳುವ ಪ್ರಶ್ನೆ ಇದು. ತಡೆಯುತ್ತದೆ! ಬೆಚ್ಚಗಿಡುವುದು ಉಲ್ಲನ್ನಿನ ದಪ್ಪವೊಂದೇ ಅಲ್ಲ, ಅದರ ಎಳೆಗಳ ನಡುವೆ ನಿಲ್ಲುವ ಗಾಳಿ. ಜಾಳುಜಾಳಾದ ಶಾಲನ್ನು ಎರಡು ಮಡಿಕೆ ಮಾಡಿ ಹೊದ್ದರೆ ಆ ಮಡಿಕೆಗಳ ನಡುವೆಯೂ ಗಾಳಿ ನಿಲ್ಲುತ್ತದೆ. ಸ್ವೆಟರ್‌ನಷ್ಟು ಭಾರವಿಲ್ಲ, ಸೀರೆಯ ಮೇಲೆ ಉಬ್ಬಿ ಕಾಣುವುದಿಲ್ಲ, ರವಿಕೆಯ ತೋಳು ಮುದುಡುವುದಿಲ್ಲ. ಚೂಡಿದಾರಕ್ಕೂ ಸೈ. ಬೆಂಗಳೂರು, ಮೈಸೂರು, ಹಾಸನದ ಕಡೆಯ ಹದವಾದ ಚಳಿಗೆ ಹೇಳಿ ಮಾಡಿಸಿದ್ದು. ಮಡಿಕೇರಿ, ಚಿಕ್ಕಮಗಳೂರಿನವರು ಎರಡು ಸುತ್ತು ಸುತ್ತಿಕೊಳ್ಳಬೇಕಾದೀತು, ಅಷ್ಟೇ.

ಉಲ್ಲನ್ ಆರಿಸುವಾಗ

ಅಂಗಡಿಯಲ್ಲಿ ಬಣ್ಣ ನೋಡಿ ಮರುಳಾಗುವ ಮುಂಚೆ ಲೇಬಲ್ ಓದಿ. ನಮ್ಮಲ್ಲಿ ಸುಲಭವಾಗಿ ಸಿಗುವುದು ಅಕ್ರಿಲಿಕ್. ಹೆಸರಿಗೆ ಉಲ್ಲನ್, ಆದರೆ ಕುರಿಗೂ ಅದಕ್ಕೂ ಸಂಬಂಧವಿಲ್ಲ. ಬೆಲೆ ಕಡಿಮೆ, ಒಗೆಯುವುದು ಸುಲಭ, ಹುಳ ಹಿಡಿಯದು. ಅಭ್ಯಾಸಕ್ಕೆ ಒಳ್ಳೆಯದು. ಆದರೆ ಲೇಸ್ ಹೆಣಿಗೆಯನ್ನು ಒದ್ದೆ ಮಾಡಿ ಎಳೆದು ಒಣಗಿಸಿದಾಗ ಅದರ ಚಿತ್ತಾರ ಬಿಚ್ಚಿಕೊಂಡು ಹಾಗೇ ನಿಲ್ಲಬೇಕು. ಅಕ್ರಿಲಿಕ್ ನೀರಿಗೆ ಅಷ್ಟು ಬಗ್ಗುವುದಿಲ್ಲ. ಕುರಿ ಉಣ್ಣೆ ಬಗ್ಗುತ್ತದೆ. ಹಾಗಾಗಿ ಕೈಗೆಟಕುವಂತಿದ್ದರೆ ಮೆರಿನೋ ಕುರಿಯ ಉಣ್ಣೆ ಅಥವಾ ಉಣ್ಣೆ ಹೆಚ್ಚಿರುವ ಮಿಶ್ರಣ ಕೊಳ್ಳಿ.

'ನಮ್ಮ ಕಡೆ ಕಂಬಳಿ ಉಣ್ಣೆ ಇದೆಯಲ್ಲ?' ಎಂದು ಚಿತ್ರದುರ್ಗದ ಕಡೆಯವರು ಕೇಳಬಹುದು. ದಖನಿ ಕುರಿಯ ಉಣ್ಣೆ ಒರಟು. ಮಳೆಗೆ, ನೆಲಕ್ಕೆ, ವರ್ಷಾನುಗಟ್ಟಲೆ ಬಾಳಿಕೆಗೆ ಕಂಬಳಿಯನ್ನು ಮೀರಿಸುವುದಿಲ್ಲ. ಕುತ್ತಿಗೆಗೆ ಸುತ್ತಿಕೊಳ್ಳುವ ಲೇಸಿಗೆ ಮಾತ್ರ ಅದು ಚುಚ್ಚುತ್ತದೆ. ಇನ್ನು ನಮ್ಮ ಹೆಮ್ಮೆಯ ರೇಷ್ಮೆ? ಹೊಳಪು ಸೊಗಸು, ಆದರೆ ಅದಕ್ಕೆ ಉಣ್ಣೆಯ ಹಾಗೆ ಹಿಗ್ಗಿ ಕುಗ್ಗುವ ಗುಣವಿಲ್ಲ, ಕಡ್ಡಿಯಿಂದ ಜಾರುತ್ತದೆ. ಮೊದಲ ಶಾಲಿಗೆ ಬೇಡ. ಎರಡನೆಯದಕ್ಕೆ ಉಣ್ಣೆ-ರೇಷ್ಮೆ ಮಿಶ್ರಣ ಪ್ರಯತ್ನಿಸಿ.

ಎಷ್ಟು ಬೇಕು? 100 ಗ್ರಾಂಗೆ ಸುಮಾರು 400 ಮೀಟರ್ ಬರುವಂಥ ತೆಳು ಉಲ್ಲನ್ 200 ಗ್ರಾಂ ಕೊಂಡರೆ ನಾವು ಹೆಣೆಯಲಿರುವ ಶಾಲಿಗೆ ಸಾಕಾಗಿ ಸ್ವಲ್ಪ ಉಳಿಯುತ್ತದೆ. ಮಗುವಿನ ಸ್ವೆಟರ್‌ಗೆ ಬಳಸುವ ತೆಳ್ಳನೆಯ ಉಲ್ಲನ್ ಅಂತ ಕೇಳಿದರೆ ಅಂಗಡಿಯವರಿಗೆ ಗೊತ್ತಾಗುತ್ತದೆ. ಎರಡೂ ಲಡಿಗಳ ಲೇಬಲ್ಲಿನ ಮೇಲಿರುವ ಬಣ್ಣದ ಲಾಟ್ ನಂಬರ್ ಒಂದೇ ಇದೆಯೇ ನೋಡಿ. ಬೇರೆ ಬೇರೆ ಲಾಟ್ ಆದರೆ ಅಂಗಡಿಯ ಬೆಳಕಿನಲ್ಲಿ ಒಂದೇ ಥರ ಕಂಡ ಬಣ್ಣ ಬಿಸಿಲಿನಲ್ಲಿ ಎರಡಾಗಿ ಕಾಣುತ್ತದೆ. ಬೆಂಗಳೂರಿನವರು ಚಿಕ್ಕಪೇಟೆ, ಮಾಮೂಲ್‌ಪೇಟೆ ಕಡೆ ಒಂದು ಸುತ್ತು ಹಾಕಿದರೆ ಆಯ್ಕೆ ಸಿಗುತ್ತದೆ. ಬೇರೆ ಊರಿನವರು ಅಂಚೆ, ಕೊರಿಯರ್ ಮೂಲಕವೂ ತರಿಸಿಕೊಳ್ಳಬಹುದು.

ಬಣ್ಣದ ಮಾತು. ಕಪ್ಪು, ಕಡುನೀಲಿ ಬಣ್ಣ ಕೊಳೆ ಕಾಣದು ಎಂಬ ಲೆಕ್ಕಾಚಾರ ನಮ್ಮದು. ಆದರೆ ಕಡುಬಣ್ಣದಲ್ಲಿ ಕುಣಿಕೆಗಳು ಕಣ್ಣಿಗೆ ಕಾಣುವುದಿಲ್ಲ, ಅದರಲ್ಲೂ ರಾತ್ರಿಯ ದೀಪದಲ್ಲಿ. ಎರಡು ಮೂರು ಬಣ್ಣ ಬೆರೆತ ಉಲ್ಲನ್ನಿನಲ್ಲಿ ಲೇಸಿನ ಚಿತ್ತಾರವೇ ಮುಚ್ಚಿಹೋಗುತ್ತದೆ. ತಿಳಿಯಾದ, ಒಂದೇ ಬಣ್ಣ ಇರಲಿ. ಯಾವ ಬಣ್ಣ ಎಂದು ತೋಚದಿದ್ದರೆ ನಿಮ್ಮ ಬೀರು ತೆಗೆದು ನೋಡಿ. ನೀವು ಹೆಚ್ಚು ಉಡುವ ನಾಲ್ಕು ಸೀರೆಗಳಿಗೆ ಹೊಂದುವ ಬಣ್ಣವೇ ನಿಮ್ಮ ಬಣ್ಣ.

ಏನೇನು ಬೇಕು?

* 7ನೇ ನಂಬರಿನ ಕಡ್ಡಿ, ಅಂದರೆ 4.5 ಮಿಲಿಮೀಟರ್ ದಪ್ಪದ್ದು. ಕಡ್ಡಿಯ ನಂಬರು ಹೆಚ್ಚಿದಷ್ಟೂ ಕಡ್ಡಿ ತೆಳುವಾಗುತ್ತದೆ ಎನ್ನುವುದು ನೆನಪಿರಲಿ. ಲೇಸಿಗೆ ಉಲ್ಲನ್ ತೆಳು, ಕಡ್ಡಿ ದಪ್ಪ. ಅದೇ ಅದರ ಗುಟ್ಟು.
* ಸಾಧ್ಯವಾದರೆ ನಡುವೆ ವಯರು ಇರುವ ಸರ್ಕ್ಯುಲರ್ ಕಡ್ಡಿ. ಶಾಲಿನ ಭಾರ ಮಣಿಕಟ್ಟಿನ ಮೇಲೆ ಬೀಳದೆ ತೊಡೆಯ ಮೇಲೆ ಕೂರುತ್ತದೆ. ಬಸ್ಸಿನಲ್ಲಿ ಪಕ್ಕದವರಿಗೆ ಚುಚ್ಚುವುದೂ ಇಲ್ಲ.
* ತೆಳು ಉಲ್ಲನ್ನಿಗೆ ಕಡುಬಣ್ಣದ ಅಥವಾ ಬಿದಿರಿನ ಕಡ್ಡಿ. ಉಕ್ಕು, ಅಲ್ಯುಮಿನಿಯಂ ಕಡ್ಡಿಯಿಂದ ಕುಣಿಕೆ ಬೇಗ ಜಾರುತ್ತದೆ.
* ಬೇರೆ ಬಣ್ಣದ ದಾರದ ಆರು ಪುಟ್ಟ ಉಂಗುರಗಳು, ಒಂದು ದಪ್ಪ ಕಣ್ಣಿನ ಹೊಲಿಗೆ ಸೂಜಿ, ನಯವಾದ ಹತ್ತಿ ದಾರ, ಅಳತೆ ಟೇಪು, ಒಂದೆರಡು ಸೇಫ್ಟಿ ಪಿನ್.
* ಒಂದು ನೋಟ್‌ಬುಕ್, ಪೆನ್ಸಿಲ್. ಸಾಲು ಮುಗಿದಂತೆ ಗೀಟು ಹಾಕಲು.

ಮೊದಲು ಒಂದು ಅಂಗೈಯಗಲ

ಒಮ್ಮೆಲೇ ಶಾಲಿಗೆ ಕೈ ಹಾಕಬೇಡಿ. 26 ಕುಣಿಕೆ ಹಾಕಿ ಒಂದು ಚಿಕ್ಕ ತುಂಡು ಹೆಣೆಯಿರಿ. ಅದನ್ನು ತೊಳೆದು, ಎಳೆದು, ಪಿನ್ ಹಾಕಿ ಒಣಗಿಸಿ ನೋಡಿ. ತೀರಾ ಬಿಗಿಯಾಗಿ ಬಂದರೆ ಒಂದು ನಂಬರು ದಪ್ಪ ಕಡ್ಡಿ, ಬಲೆಯ ಹಾಗಾದರೆ ಒಂದು ನಂಬರು ತೆಳು ಕಡ್ಡಿ. ಒಂದು ಸಂಜೆಯ ಈ ಕೆಲಸ ಎರಡು ತಿಂಗಳ ಶ್ರಮವನ್ನು ಕಾಯುತ್ತದೆ. ಬಣ್ಣ ಬಿಡುತ್ತದೆಯೇ ಎಂಬುದೂ ಇಲ್ಲೇ ತಿಳಿದುಬಿಡುತ್ತದೆ.

ಹೆಣೆಯುವ ಕ್ರಮ

ಮೊದಲ ಶಾಲಿಗೆ ಶೆಟ್ಲೆಂಡಿನದೇ ಒಂದು ಹಳೆಯ ವಿನ್ಯಾಸ ತೆಗೆದುಕೊಳ್ಳೋಣ. 'ಓಲ್ಡ್ ಶೇಲ್' ಅಂತ ಇದರ ಹೆಸರು. ಅಲೆ ಅಲೆಯಾಗಿ, ಸಮುದ್ರದ ಚಿಪ್ಪು ಜೋಡಿಸಿಟ್ಟ ಹಾಗೆ ಕಾಣುತ್ತದೆ. ಬರೀ ನಾಲ್ಕು ಸಾಲಿನ ವಿನ್ಯಾಸ. ಅದರಲ್ಲೂ ಚಿತ್ತಾರ ಇರುವುದು ಒಂದೇ ಸಾಲಿನಲ್ಲಿ!

ಲೇಸ್ ಅಂದರೆ ಎರಡೇ ಸೂತ್ರ. ಒಂದು, ಕಡ್ಡಿಗೆ ಉಲ್ಲನ್ ಒಂದು ಸುತ್ತು ಹಾಕಿ ಹೊಸ ಕುಣಿಕೆ ಮಾಡುವುದು. ಅದರಿಂದ ತೂತು ಬರುತ್ತದೆ, ಒಂದು ಕುಣಿಕೆ ಹೆಚ್ಚುತ್ತದೆ. ಎರಡು, ಎರಡು ಕುಣಿಕೆಗಳನ್ನು ಒಟ್ಟಿಗೆ ಸೀದಾ ಹೆಣೆದು ಒಂದು ಮಾಡುವುದು. ಅದರಿಂದ ಒಂದು ಕುಣಿಕೆ ಕಡಿಮೆಯಾಗುತ್ತದೆ. ಕೂಡಿದಷ್ಟನ್ನೇ ಕಳೆದರೆ ಲೆಕ್ಕ ಸರಿಹೋಯಿತು. ತಿಂಗಳ ಖರ್ಚು ತೂಗಿಸುವ ನಮಗೆ ಇದು ಹೊಸದೇನಲ್ಲ.

ಸುತ್ತು ಹಾಕುವುದು ಹೇಗೆ ಎನ್ನುವವರಿಗೆ: ಸೀದಾ ಹೆಣೆಯುವಾಗ ಉಲ್ಲನ್ ಕಡ್ಡಿಗಳ ಹಿಂದೆ ಇರುತ್ತದಲ್ಲ, ಅದನ್ನು ಎರಡು ಕಡ್ಡಿಗಳ ನಡುವಿನಿಂದ ಮುಂದಕ್ಕೆ ತನ್ನಿ. ಹಾಗೇ ಮುಂದಿನ ಕುಣಿಕೆಯನ್ನು ಸೀದಾ ಹೆಣೆಯಿರಿ. ಉಲ್ಲನ್ ತಾನಾಗಿ ಬಲಗಡ್ಡಿಯ ಮೇಲೆ ಹಾದು ಒಂದು ಕುಣಿಕೆಯಾಗುತ್ತದೆ.

ಇನ್ನು ಶುರು ಮಾಡಿ.

98 ಕುಣಿಕೆ ಹಾಕಿ. ಸಡಿಲವಾಗಿ ಹಾಕಬೇಕು. ಎರಡು ಕಡ್ಡಿ ಜೋಡಿಸಿ ಹಿಡಿದು ಅದರ ಮೇಲೆ ಹಾಕಿ, ಆಮೇಲೆ ಒಂದನ್ನು ಎಳೆದುಬಿಟ್ಟರೆ ಸಡಿಲ ತಾನಾಗೇ ಬರುತ್ತದೆ. ನಾಲ್ಕು ಸಾಲು ಪೂರ್ತಿ ಸೀದಾ ಹೆಣೆಯಿರಿ. ಇದು ಅಂಚು. ನಂತರ:

1ನೇ ಸಾಲು: ಎಲ್ಲವೂ ಸೀದಾ.

2ನೇ ಸಾಲು: ಮೊದಲ 4 ಸೀದಾ, ನಡುವಿನ 90 ಉಲ್ಟಾ, ಕೊನೆಯ 4 ಸೀದಾ.

3ನೇ ಸಾಲು: ಮೊದಲ 4 ಸೀದಾ. ಆಮೇಲೆ ಎರಡೆರಡು ಕುಣಿಕೆ ಸೇರಿಸಿ ಹೆಣೆಯುವುದು ಮೂರು ಸಲ. ಒಂದು ಸುತ್ತು, ಒಂದು ಸೀದಾ, ಹೀಗೆ ಆರು ಸಲ. ಮತ್ತೆ ಎರಡೆರಡು ಕುಣಿಕೆ ಸೇರಿಸುವುದು ಮೂರು ಸಲ. ಇಲ್ಲಿಗೆ 18 ಕುಣಿಕೆಯ ಒಂದು ಚಿಪ್ಪು ಆಯಿತು. ಇದನ್ನೇ ಒಟ್ಟು ಐದು ಸಲ ಮಾಡಿ. ಕೊನೆಯ 4 ಸೀದಾ.

4ನೇ ಸಾಲು: ಎಲ್ಲವೂ ಸೀದಾ. ಹಿಂಬದಿಯಿಂದ ಸೀದಾ ಹೆಣೆಯುವುದರಿಂದ ಮುಂಬದಿಯಲ್ಲಿ ಒಂದು ಸಣ್ಣ ಏಣು ಮೂಡುತ್ತದೆ. ಅದೇ ಅಲೆಯ ಗೆರೆ.

ಈ ನಾಲ್ಕು ಸಾಲನ್ನು ಮತ್ತೆ ಮತ್ತೆ ಹೆಣೆಯುತ್ತ ಹೋಗುವುದಷ್ಟೇ. ಸುಮಾರು 110 ಸಲ ಆಗುವಷ್ಟರಲ್ಲಿ 20 ಇಂಚು ಅಗಲ, ಐದೂವರೆ ಅಡಿ ಉದ್ದದ ಶಾಲು ಸಿದ್ಧ. ನಿಮ್ಮ ಕೈಯ ಬಿಗಿ ಸಡಿಲಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು, ಟೇಪು ಹಿಡಿದು ನೋಡಿಕೊಳ್ಳಿ. ಕೊನೆಯಲ್ಲಿ ಮತ್ತೆ ಮೂರು ಸಾಲು ಸೀದಾ ಹೆಣೆದು, ದಪ್ಪ ಕಡ್ಡಿಯಿಂದ ಸಡಿಲವಾಗಿ ಮುಚ್ಚಿ. ಮುಚ್ಚುವುದು ಬಿಗಿಯಾದರೆ ಶಾಲಿನ ತುದಿ ಚೀಲದ ಬಾಯಿ ಕಟ್ಟಿದ ಹಾಗೆ ಮುದುಡುತ್ತದೆ.

ಇನ್ನೂ ಅಗಲ ಬೇಕೆಂದರೆ 18 ಕುಣಿಕೆ ಸೇರಿಸಿ 116 ಹಾಕಿ, ಆರು ಚಿಪ್ಪು ಮಾಡಿ. ಉಲ್ಲನ್ನೂ ಅದಕ್ಕೆ ತಕ್ಕಂತೆ ಹೆಚ್ಚು ಕೊಳ್ಳಿ.

ಲೆಕ್ಕ ತಪ್ಪದಿರಲು

ಮೊದಲ 4 ಕುಣಿಕೆಯ ನಂತರ ಒಂದು, ಆಮೇಲೆ ಪ್ರತಿ 18 ಕುಣಿಕೆಗೊಂದು ದಾರದ ಉಂಗುರ ಕಡ್ಡಿಗೆ ತೂರಿಸಿ. ಹೀಗೆ ಆರೂ ಉಂಗುರಕ್ಕೆ ಜಾಗವಾಯಿತು. ಆಗ 98 ಎಣಿಸುವ ಬದಲು 18 ಎಣಿಸಿದರೆ ಸಾಕು. ಮೂರನೇ ಸಾಲು ಮುಗಿದ ಕೂಡಲೇ ಎಣಿಸಿ. ಯಾವುದೋ ಒಂದು ಮನೆಯಲ್ಲಿ 17 ಬಂತೇ? ಹೆಚ್ಚಾಗಿ ಅಲ್ಲಿ ಒಂದು ಸುತ್ತು ಬಿಟ್ಟುಹೋಗಿರುತ್ತದೆ. ಹಾಗಿದ್ದರೆ ಬಿಚ್ಚಬೇಕಾಗಿಲ್ಲ. ನಾಲ್ಕನೇ ಸಾಲಿನಲ್ಲಿ ಆ ಜಾಗಕ್ಕೆ ಬಂದಾಗ ಎರಡು ಕುಣಿಕೆಗಳ ನಡುವಿನ ಅಡ್ಡ ಎಳೆಯನ್ನು ಕಡ್ಡಿಯಿಂದ ಎತ್ತಿ ಹೆಣೆದುಕೊಂಡರೆ ಸರಿಹೋಗುತ್ತದೆ.

ಇನ್ನೊಂದು ಉಪಾಯವನ್ನು ಮಾತ್ರ ಮರೆಯಬೇಡಿ. ಪ್ರತಿ ಹತ್ತು ಚಿಪ್ಪಿನ ಸಾಲಿಗೊಮ್ಮೆ, ನಾಲ್ಕನೇ ಸಾಲು ಮುಗಿದ ಮೇಲೆ, ಸೂಜಿಗೆ ಹತ್ತಿ ದಾರ ಪೋಣಿಸಿ ಕಡ್ಡಿಯ ಮೇಲಿರುವ ಎಲ್ಲ ಕುಣಿಕೆಗಳ ಒಳಗಿಂದಲೂ ಹಾಯಿಸಿ. ದಾರದ ಉಂಗುರಗಳ ಒಳಗೆ ಮಾತ್ರ ಹಾಯಿಸಬೇಡಿ. ದಾರ ಅಲ್ಲೇ ಇರಲಿ, ನೀವು ಮುಂದೆ ಹೆಣೆಯುತ್ತ ಹೋಗಿ. ಹೆಣಿಗೆಯವರು ಇದಕ್ಕೆ ಲೈಫ್‌ಲೈನ್ ಎನ್ನುತ್ತಾರೆ. ಮುಂದೆ ಏನಾದರೂ ಎಡವಟ್ಟಾಗಿ ಬಿಚ್ಚಬೇಕಾಗಿ ಬಂದರೂ ಬಿಚ್ಚಿಕೊಂಡು ಬಂದದ್ದು ಆ ದಾರದ ಹತ್ತಿರ ನಿಲ್ಲುತ್ತದೆ. ಮಗು ಕಡ್ಡಿ ಎಳೆದುಬಿಟ್ಟರೂ ಎದೆ ಧಸಕ್ ಎನ್ನುವುದಿಲ್ಲ.

ಹೊಸ ಲಡಿ ಸೇರಿಸುವಾಗ ಸಾಲಿನ ನಡುವೆ ಗಂಟು ಹಾಕಬೇಡಿ. ಲೇಸಿನಲ್ಲಿ ಗಂಟು ಮುಖದ ಮೊಡವೆಯ ಹಾಗೆ ಎದ್ದು ಕಾಣುತ್ತದೆ. ಅಂಚಿನಲ್ಲೇ ಸೇರಿಸಿ, ತುದಿಗಳನ್ನು ಕೊನೆಗೆ ಸೂಜಿಯಿಂದ ಅಂಚಿನೊಳಗೆ ಹೊಲಿದುಬಿಡಿ. ಕಡ್ಡಿ ಹಿಡಿದಾಗ ಮೂಲೆ ಒಡೆದ ಗಾಜಿನ ಬಳೆ, ಹರಳಿನ ಉಂಗುರ ತೆಗೆದಿಟ್ಟರೆ ಒಳ್ಳೆಯದು. ಎಳೆ ಸಿಕ್ಕಿಹಾಕಿಕೊಳ್ಳುತ್ತದೆ.

ಹೊತ್ತು ಎಲ್ಲಿಂದ ತರುವುದು?

ನಿಜವಾದ ಕಷ್ಟ ಇದು ಅಲ್ಲವೇ? ಬನ್ನಿ, ಲೆಕ್ಕ ಹಾಕೋಣ. 98 ಕುಣಿಕೆಯ 440 ಸಾಲು ಅಂದರೆ ಸುಮಾರು 43 ಸಾವಿರ ಕುಣಿಕೆ. ಕೇಳಿದರೆ ತಲೆ ತಿರುಗುತ್ತದೆ! ಆದರೆ ನಿಧಾನವಾಗಿ ನಿಮಿಷಕ್ಕೆ ಇಪ್ಪತ್ತು ಕುಣಿಕೆ ಹೆಣೆದರೂ 36 ಗಂಟೆ ಸಾಕು. ದಿನಕ್ಕೆ ಅರ್ಧ ಗಂಟೆಯಂತೆ 72 ದಿನ. ಗೌರಿ ಹಬ್ಬ ಮುಗಿಸಿ ಶುರು ಮಾಡಿದರೆ ಕಾರ್ತಿಕ ಮಾಸ ಕಳೆಯುವ ಹೊತ್ತಿಗೆ ಶಾಲು ಕೈಗೆ ಬರುತ್ತದೆ.

ಆ ಅರ್ಧ ಗಂಟೆ ಯಾವುದೆಂದು ನೀವೇ ಗೊತ್ತುಮಾಡಿಕೊಳ್ಳಿ. ಕೆಲವರಿಗೆ ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲೆ. ಕೆಲವರಿಗೆ ಮಕ್ಕಳನ್ನು ಟ್ಯೂಷನ್‌ಗೆ ಬಿಟ್ಟು ಕಾಯುವಾಗ. ಸಂಜೆ ಧಾರಾವಾಹಿ ನೋಡುತ್ತ ಹೆಣೆಯುವವರು ಒಂದು, ಎರಡು, ನಾಲ್ಕನೇ ಸಾಲನ್ನು ಮಾತ್ರ ಹೆಣೆಯಿರಿ. ಮೂರನೇ ಸಾಲಿಗೆ ಟಿ.ವಿ. ಆಫ್ ಆಗಬೇಕು, ಇಲ್ಲವೇ ಜಾಹೀರಾತು ಬರಬೇಕು! ನಿದ್ದೆ ಕೆಟ್ಟು ಹೆಣೆಯುವುದು ಬೇಡ. ಇಪ್ಪತ್ತು ನಿಮಿಷಕ್ಕೊಮ್ಮೆ ಕಡ್ಡಿ ಕೆಳಗಿಟ್ಟು ಬೆರಳು ಬಿಡಿಸಿ, ಕುತ್ತಿಗೆ ತಿರುಗಿಸಿ, ಕಿಟಕಿಯಾಚೆ ದೂರ ನೋಡಿ. ಬೆರಳು ಜುಮುಗುಟ್ಟಿದರೆ, ಮಣಿಕಟ್ಟು ನೋಯತೊಡಗಿದರೆ ಎರಡು ದಿನ ಬಿಡಿ. ಹಾಗೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ನಲವತ್ತು ದಾಟಿದವರು ಕಣ್ಣು ಪರೀಕ್ಷೆ ಮಾಡಿಸಿಕೊಂಡು ಕೂತರೆ ಅರ್ಧ ಕೆಲಸ ಹಗುರಾಗುತ್ತದೆ.

'ಯಾರಿಗೆ?' ಎಂದು ಕೇಳಿದರೆ

ಹೊತ್ತು ಹೊಂದಿಸಬಹುದು, ದುಡ್ಡು ಹೊಂದಿಸಬಹುದು. ಆದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಕಡ್ಡಿ ಕೈಯಲ್ಲಿ ಕಂಡ ಕೂಡಲೇ ಮನೆಯವರು, ನೆಂಟರು, ಅಕ್ಕಪಕ್ಕದವರು, ಎಲ್ಲರೂ ಕೇಳುವುದು ಒಂದೇ: 'ಯಾರಿಗೆ ಇದು?'

ನಮ್ಮ ಓಣಿಯಲ್ಲಿ ಒಬ್ಬರು ಹಿರಿಯರಿದ್ದಾರೆ, ಅರವತ್ತು ದಾಟಿದೆ. ಮಕ್ಕಳಿಗೆ, ಅಳಿಯಂದಿರಿಗೆ, ಮೊಮ್ಮಕ್ಕಳಿಗೆ ಅವರು ಹೆಣೆದುಕೊಟ್ಟದ್ದಕ್ಕೆ ಲೆಕ್ಕವಿಲ್ಲ. ಯಜಮಾನರು ತೀರಿಕೊಂಡ ಮೇಲೆ ಕಡ್ಡಿ ಮುಟ್ಟಿರಲಿಲ್ಲ. ಎರಡು ವರ್ಷದ ನಂತರ ಒಂದು ದಿನ ಅಂಗಡಿಗೆ ಹೋಗಿ ತಿಳಿ ನೇರಳೆ ಬಣ್ಣದ ಉಲ್ಲನ್ ತಂದರು. ಮಗಳು ನೋಡಿ, 'ಪುಟ್ಟಿಗಾ ಅಮ್ಮ? ಚೆನ್ನಾಗಿದೆ ಬಣ್ಣ' ಅಂದಳಂತೆ. ಇವರು 'ಅಲ್ಲ ಕಣೆ, ನಂಗೆ' ಅಂದರಂತೆ. ಮಗಳು ಒಂದು ಗಳಿಗೆ ಸುಮ್ಮನಾದಳು. ಸಂಬಂಧಿಕರೊಬ್ಬರು, 'ಈ ವಯಸ್ಸಿನಲ್ಲಿ ಬಣ್ಣದ್ದೆಲ್ಲ ಯಾಕೆ, ಬೂದಿ ಬಣ್ಣವೋ ಬಿಳಿಯೋ ಸಾಕಿತ್ತಲ್ಲ' ಎಂದು ಆಡಿಯೂ ಬಿಟ್ಟರು. ವಯಸ್ಸು ಬರೀ ನೆಪ, ಮಾತಿನ ಒಳಗಿದ್ದದ್ದು ಬೇರೆಯೇ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತು.

ಅವರು ಜಗಳವಾಡಲಿಲ್ಲ. ಉತ್ತರವನ್ನೂ ಕೊಡಲಿಲ್ಲ. ದಿನಾ ಮಧ್ಯಾಹ್ನ ಜಗಲಿಯಲ್ಲಿ, ನಾಲ್ಕು ಜನ ನೋಡುವ ಕಡೆಯೇ ಕೂತು ಹೆಣೆದು ಮುಗಿಸಿದರು. ಧನುರ್ಮಾಸದ ಬೆಳಗಿನ ಪೂಜೆಗೆ ಅದನ್ನೇ ಹೊದ್ದು ದೇವಸ್ಥಾನಕ್ಕೆ ಬಂದರು. 'ಹೆಣೆಯೋದು ಏನು ಕಷ್ಟ ಇರಲಿಲ್ಲ ಬಿಡಿ. ನಂಗೆ ಅಂತ ಒಂದು ಮಾತು ಹೇಳೋದೇ ಕಷ್ಟ ಇತ್ತು. ಹೇಳಿದ ಮೇಲೆ ಹಗುರ ಆಯ್ತು' ಎಂದು ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ. ಈಗ ಮಗಳೇ ಅವರಿಗೆ ಉಲ್ಲನ್ ತಂದುಕೊಡುತ್ತಾಳೆ. ಯಾರಿಗೆ ಎಂದು ಕೇಳುವುದಿಲ್ಲ.

ಹಾಗಾಗಿ ಯಾರಾದರೂ ಕೇಳಿದರೆ ನೆಪ ಹುಡುಕಬೇಡಿ. 'ಸುಮ್ಮನೆ ಟೈಂಪಾಸ್‌ಗೆ', 'ಉಳಿದ ಉಲ್ಲನ್ ಇತ್ತು, ಅದಕ್ಕೆ' ಎನ್ನಬೇಡಿ. 'ನನಗೆ' ಎಂದುಬಿಡಿ. ನಗುತ್ತಲೇ ಹೇಳಿ, ಆದರೆ ಸ್ಪಷ್ಟವಾಗಿ ಹೇಳಿ. ಮುಗಿದ ಮೇಲೆ ಯಾರೋ 'ಎಷ್ಟು ಚೆನ್ನಾಗಿದೆ, ನಂಗೇ ಕೊಡಿ' ಎಂದು ಹೆಗಲ ಮೇಲಿಂದಲೇ ತೆಗೆದುಕೊಳ್ಳಲು ಬಂದರೆ? ಕೊಡಬೇಡಿ. 'ಉಲ್ಲನ್ ತಂದುಕೊಡಿ, ಕೂತು ಕಲಿಸಿಕೊಡ್ತೀನಿ' ಎನ್ನಿ. ಅದು ಶಾಲು ಕೊಟ್ಟದ್ದಕ್ಕಿಂತ ದೊಡ್ಡ ಉಡುಗೊರೆ.

ಕೊನೆಯ ಸ್ನಾನ

ಕಡ್ಡಿಯಿಂದ ಇಳಿಸಿದಾಗ ಲೇಸ್ ಶಾಲು ಸುಕ್ಕುಸುಕ್ಕಾಗಿ ಒಣಗಿದ ಬಾಳೆಲೆಯ ಹಾಗಿರುತ್ತದೆ. ಇಷ್ಟಕ್ಕಾ ಇಷ್ಟು ಕಷ್ಟಪಟ್ಟದ್ದು ಎನಿಸುತ್ತದೆ. ತಾಳಿ! ಬಕೆಟ್ಟಿನಲ್ಲಿ ಉಗುರು ಬೆಚ್ಚಗಿನ ನೀರಿಗೆ ಒಂದು ಚಮಚ ಶಾಂಪೂ ಹಾಕಿ ಅರ್ಧ ಗಂಟೆ ನೆನೆಯಲು ಬಿಡಿ. ತಿಕ್ಕಬೇಡಿ, ಹಿಂಡಬೇಡಿ. ಅದೇ ಹದದ ನೀರಿನಲ್ಲಿ ಜಾಲಿಸಿ, ಎರಡೂ ಕೈಯಿಂದ ಎತ್ತಿ, ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆಯಿರಿ.

ನಂತರ ಹಾಸಿಗೆಯ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಶಾಲು ಹರವಿ. ಉದ್ದಕ್ಕೂ ಅಗಲಕ್ಕೂ ನಿಧಾನವಾಗಿ ಎಳೆಯಿರಿ. ತುಕ್ಕು ಹಿಡಿಯದ ಗುಂಡುಪಿನ್ನುಗಳಿಂದ ಒಂದೊಂದು ಅಲೆಯ ತುದಿಯನ್ನೂ ಎಳೆದು ಚುಚ್ಚಿ. ಫ್ಯಾನ್ ಹಾಕಿ ಪೂರ್ತಿ ಒಣಗಲು ಬಿಡಿ. ನೇರ ಬಿಸಿಲು ಬೇಡ, ತಂತಿಯ ಮೇಲೆ ನೇತುಹಾಕುವುದಂತೂ ಬೇಡವೇ ಬೇಡ. ಮರುದಿನ ಪಿನ್ ತೆಗೆದು ಎತ್ತಿ ನೋಡಿ. ತೂತುಗಳೆಲ್ಲ ಅರಳಿ, ಚಿಪ್ಪುಗಳು ಸಾಲಾಗಿ ಬಿಚ್ಚಿಕೊಂಡಿರುತ್ತವೆ.

ಅಕ್ರಿಲಿಕ್ ಶಾಲಾದರೆ ಒಣಗಿದ ಮೇಲೆ ಪಿನ್ ಇರುವಾಗಲೇ ಇಸ್ತ್ರಿ ಪೆಟ್ಟಿಗೆಯ ಹಬೆಯನ್ನು ಮೇಲಿನಿಂದ ಲಘುವಾಗಿ ಹಾಯಿಸಬಹುದು. ಪೆಟ್ಟಿಗೆ ಶಾಲಿಗೆ ಸೋಕಬಾರದು. ಬಿಸಿ ಹೆಚ್ಚಾದರೆ ಉಲ್ಲನ್ನಿನ ಪುಟಿತ ಹೋಗಿ ಶಾಲು ಜೋಲುತ್ತದೆ, ಮತ್ತೆ ಮೊದಲಿನ ಹಾಗಾಗದು. ಚಿಕ್ಕ ತುಂಡಿನ ಮೇಲೆ ಮೊದಲು ಪರೀಕ್ಷಿಸಿ.

ಜೋಪಾನವಾಗಿಡಲು ಕಿವಿಮಾತು

* ಶಾಲು ಹೊದ್ದು ಗ್ಯಾಸ್ ಒಲೆಯ ಮುಂದೆ, ದೀಪದ ಮುಂದೆ ನಿಲ್ಲಬೇಡಿ. ಅಕ್ರಿಲಿಕ್ ಬೆಂಕಿಗೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಜೋತಾಡುವ ಯಾವ ಬಟ್ಟೆಯೂ ಒಲೆಯ ಹತ್ತಿರ ಬೇಡ.
* ಮಾಂಗಲ್ಯದ ಸರ, ಕೊಕ್ಕೆಯ ಓಲೆಗೆ ಎಳೆ ಸಿಕ್ಕಿಕೊಂಡರೆ ಜಗ್ಗಬೇಡಿ, ಸೂಜಿಯ ತುದಿಯಿಂದ ಬಿಡಿಸಿ. ಶಾಲನ್ನು ಚುಚ್ಚಿ ಪಿನ್ ಹಾಕುವ ಬದಲು ಲೇಸಿನ ತೂತಿನೊಳಗೇ ನಯವಾದ ಕಡ್ಡಿ ತೂರಿಸಿ.
* ಚಳಿಗಾಲ ಮುಗಿದ ಮೇಲೆ ಒಗೆಯದೆ ಎತ್ತಿಡಬೇಡಿ. ಬೆವರು, ಎಣ್ಣೆಯ ಕಲೆ ಇದ್ದ ಉಣ್ಣೆಗೆ ಹುಳ ಬೇಗ ಬರುತ್ತದೆ.
* ಹ್ಯಾಂಗರಿಗೆ ತೂಗುಹಾಕಬೇಡಿ, ಉದ್ದ ಎಳೆಯುತ್ತದೆ. ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ನಡುವೆ ಒಣಗಿದ ಬೇವಿನ ಎಲೆ ಇಡಿ. ನುಸಿ ಗುಳಿಗೆ ಇಟ್ಟರೆ ಬಟ್ಟೆಗೆ ತಾಗದಂತೆ, ಮಕ್ಕಳ ಕೈಗೆ ಸಿಗದಂತೆ ಇರಲಿ.
* ಮಳೆಗಾಲದಲ್ಲಿ ಬಿಸಿಲು ಕಂಡ ದಿನ ಹೊರತೆಗೆದು, ಕೊಡವಿ, ನೆರಳಿನಲ್ಲಿ ಗಾಳಿಗೆ ಹರವಿ, ಮಡಿಕೆ ಬದಲಿಸಿ ಇಡಿ.

ಮಗನ ಸ್ವೆಟರ್ ಮುಂದಿನ ವರ್ಷ ಹೆಣೆದರಾಯಿತು. ಹೇಗೂ ಅವನು ಬೆಳೆಯುವ ಹುಡುಗ, ಈ ವರ್ಷ ಹೆಣೆದದ್ದು ಬರುವ ವರ್ಷಕ್ಕೆ ಚಿಕ್ಕದಾಗುತ್ತದೆ. ನಿಮ್ಮ ಹೆಗಲು ಬೆಳೆಯುವುದಿಲ್ಲ, ಒಮ್ಮೆ ಹೆಣೆದುಕೊಂಡ ಶಾಲು ಅದಕ್ಕೆ ಹತ್ತಾರು ಚಳಿಗಾಲ ಹೊಂದುತ್ತದೆ. ಹಾಗಾದರೆ ತಡವೇಕೆ? ಅಟ್ಟದ ಮೇಲಿನ ಆ ಕವರು ಇಳಿಸಿ, 7ನೇ ನಂಬರಿನ ಕಡ್ಡಿ ಇದೆಯಾ ನೋಡಿ.